ಓದುಗರ ಪ್ರಶ್ನೆ: ಪಾದಯಾತ್ರೆಯ ದಿನಚರಿ

ಪ್ರಶ್ನೆ: ಹವಾಮಾನ ಜಾಗೃತಿಗಾಗಿ ಕಾರವಾರದಿಂದ ಭಟ್ಕಳದವರೆಗೆ ನಡೆಯಬೇಕೆಂದಿದ್ದೇವೆ. ದಿನಚರಿ ಹೇಗಿರಬೇಕು?
– ಓದುಗರೊಬ್ಬರು, ಅಂಕೋಲಾ

ಉತ್ತರ: 1987–88ರಲ್ಲಿ ‘ಪಶ್ಚಿಮ ಘಟ್ಟ ಉಳಿಸಿ’ ಪಾದಯಾತ್ರೆಯ ತಂಡಗಳು ಕನ್ಯಾಕುಮಾರಿಯಿಂದಲೂ ಮಹಾರಾಷ್ಟ್ರದ ನವಾಪುರದಿಂದಲೂ ಹೊರಟು, ಸುಮಾರು ನೂರು ದಿನ ನಡೆದು ಗೋವೆಯಲ್ಲಿ ಕೂಡಿದ್ದವು. ನಿಮ್ಮ ದಾರಿ ಅದರ ಮುಂದೆ ಚಿಕ್ಕದಾದರೂ, ಘಟ್ಟದ ಕಾಡಿನ ನೆರಳು ಇಲ್ಲಿನ ಹೆದ್ದಾರಿಯಲ್ಲಿ ಸಿಗದು. ಆದ್ದರಿಂದ ನಸುಕಿನಲ್ಲೇ ಹೊರಟು, ಬಿಸಿಲೇರುವ ಮೊದಲು, ಅಂದರೆ ಹತ್ತು ಗಂಟೆಯೊಳಗೆ, ದಿನದ ಹೆಚ್ಚಿನ ದೂರವನ್ನು ಮುಗಿಸಿಬಿಡಿ. ಮಧ್ಯಾಹ್ನಕ್ಕೆ ಗಂಜಿ, ಉಪ್ಪಿನಕಾಯಿ, ಮುರುಗಲು ಪಾನಕ ಸಾಕು. ಹೊಸ ಚಪ್ಪಲಿಯನ್ನಂತೂ ಹಾಕಲೇಬೇಡಿ (ಇದು ಅನುಭವದ ಮಾತು). ಸಂಜೆ ನೀವು ಭಾಷಣ ಮಾಡುವುದಕ್ಕಿಂತ, ಮೀನುಗಾರರ ಕೇರಿಯಲ್ಲಿ ಕುಳಿತು ಕಡಲ್ಕೊರೆತದ ಬಗ್ಗೆ ಅವರು ಹೇಳುವುದನ್ನು ಬರೆದುಕೊಳ್ಳುವುದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ರಾತ್ರಿ ಶಾಲೆಯಲ್ಲಿ ತಂಗುವುದಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ಮೊದಲೇ ಪಡೆದಿರಿ.