ಏಳು ತಿಂಗಳ ಮಗುವಿಗೆ ಮನೆಯಲ್ಲಿ ನಡೆಸುವ ಡೇ ಕೇರ್ ಒಳ್ಳೆಯದೋ, ಶಿಶುಪಾಲನಾ ಕೇಂದ್ರವೋ?

ನಿಮ್ಮ ಮಗುವಿಗೆ ಈಗ ಐದು ತಿಂಗಳು, ಏಳು ತುಂಬುವ ಹೊತ್ತಿಗೆ ನೀವು ಕೆಲಸಕ್ಕೆ ಮರಳಬೇಕು. ತಮ್ಮ ಮನೆಯಲ್ಲಿಯೇ ಐದು ಮಕ್ಕಳನ್ನು ನೋಡಿಕೊಳ್ಳುವ ಮಹಿಳೆಯೊಬ್ಬರು ಒಂದು ಕಡೆ, ಸಿಬ್ಬಂದಿ, ಕ್ಯಾಮೆರಾ, ವಯಸ್ಸಿಗೊಂದು ಕೋಣೆ ಎಲ್ಲವೂ ಇರುವ ಕೇಂದ್ರ ಇನ್ನೊಂದು ಕಡೆ; ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ನನ್ನ ಮಗಳು ಎಂಟನೆಯ ತಿಂಗಳಿನಿಂದ ಕೇಂದ್ರದಲ್ಲಿದ್ದಳು, ಮಗನನ್ನು ಆರನೆಯ ತಿಂಗಳಿನಿಂದ ಒಬ್ಬರ ಮನೆಯಲ್ಲಿ ಬಿಡುತ್ತಿದ್ದೆ. ಎರಡನ್ನೂ ಕಂಡವಳಾಗಿ ನಾನು ಮೂರು ಸಂಗತಿಗಳಿಗೆ ಹೆಚ್ಚು ಬೆಲೆ ಕೊಡುತ್ತೇನೆ: ದಿನವಿಡೀ ಕೂಸನ್ನು ಎತ್ತಿಕೊಳ್ಳುವವರು ಯಾರು, ಅದೇ ಹೊತ್ತಿನಲ್ಲಿ ಅವರ ಪಾಲಿಗೆ ಇನ್ನೆಷ್ಟು ಮಕ್ಕಳಿದ್ದಾರೆ, ಅವರು ಬಾರದ ದಿನ ಏನು ವ್ಯವಸ್ಥೆ.

ಮಕ್ಕಳ ಸಂಖ್ಯೆಯ ವಿಷಯದಲ್ಲಿ ನಿಮ್ಮ ಪ್ರಶ್ನೆಯಲ್ಲಿ ಒಂದು ವಿವರ ಬಿಟ್ಟುಹೋಗಿದೆ. ಆ ಐದು ಮಕ್ಕಳ ವಯಸ್ಸು ಎಷ್ಟು? ನಾಲ್ಕು ವರ್ಷದ ಐವರನ್ನು ನೋಡಿಕೊಳ್ಳುವುದಕ್ಕೂ, ಒಂದೂವರೆ ವರ್ಷದ ಇಬ್ಬರು ಸೋಫಾ ಹತ್ತಿ ಇಳಿಯುತ್ತಿರುವಾಗ ಮೂರನೆಯದಕ್ಕೆ ಹಾಲು ಕುಡಿಸುವುದಕ್ಕೂ ಹೋಲಿಕೆಯೇ ಇಲ್ಲ. ಇಂಗ್ಲೆಂಡಿನ ನಿಯಮದ ಪ್ರಕಾರ, ಕೇಂದ್ರಗಳಲ್ಲಿ ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು ಇರಲೇಬೇಕು. ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವುದಾದರೆ ಒಂದು ವರ್ಷದೊಳಗಿನ ಮಗು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಇರುವಂತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಸೇರಿ ರೂಪಿಸಿದ ಶಿಫಾರಸು ಇನ್ನೂ ಬಿಗಿಯಾದುದು: ಮನೆಯಲ್ಲಿ ಒಬ್ಬರೇ ಇದ್ದು, ಎರಡು ವರ್ಷದೊಳಗಿನ ಇಬ್ಬರನ್ನು ಒಪ್ಪಿಕೊಂಡರೆ ಅವರಿಗಿಂತ ದೊಡ್ಡ ಮಕ್ಕಳನ್ನು ಸೇರಿಸಿಕೊಳ್ಳಲೇಬಾರದು ಎನ್ನುತ್ತದೆ. ನಿಮ್ಮಲ್ಲಿನ ಕಾನೂನು ಇಷ್ಟು ಕಟ್ಟುನಿಟ್ಟಾಗಿರಲಿಕ್ಕಿಲ್ಲ, ಆದರೂ ಅಳತೆಗೋಲಾಗಿ ಈ ಅಂಕಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಬೆಂಕಿ ಹತ್ತಿದರೆ ಒಬ್ಬ ವ್ಯಕ್ತಿ ನಡೆಯಲು ಬಾರದ ಎಷ್ಟು ಮಕ್ಕಳನ್ನು ಹೊರಗೆ ಹೊತ್ತು ತರಬಲ್ಲರು ಎಂದು ಯೋಚಿಸಿದರೆ ಈ ಬಿಗಿತದ ಅರ್ಥ ಹೊಳೆಯುತ್ತದೆ.

ಕೇಂದ್ರದವರು ಹೇಳುವ ಸಂಖ್ಯೆಯನ್ನೂ ಕಣ್ಣಾರೆ ನೋಡಿಯೇ ನಂಬಬೇಕು. ಮಗಳಿಗಾಗಿ ಹುಡುಕುತ್ತಿದ್ದಾಗ ನಾನು ಸಂಜೆ ನಾಲ್ಕರ ಹೊತ್ತಿಗೆ ಒಂದು ಕೇಂದ್ರಕ್ಕೆ ಹೋಗಿದ್ದೆ. ಎಂಟು ಶಿಶುಗಳಿಗೆ ಇಬ್ಬರು ಆಯಾಗಳಿದ್ದರು, ಲೆಕ್ಕದಲ್ಲಿ ನಾಲ್ಕಕ್ಕೊಬ್ಬರು. ಆದರೆ ಅವರಲ್ಲೊಬ್ಬರು ಯಾವ ಮಗು ಎಷ್ಟು ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು ಎಂಬುದನ್ನು ಪೋಷಕರಿಗೆ ಕಳಿಸಲು ಮೊಬೈಲಿನಲ್ಲಿ ತುಂಬಿಸುತ್ತಾ ಕುಳಿತಿದ್ದರು. ಗೋಡೆಯ ಬಳಿ ಮಲಗಿದ್ದ ಕೂಸೊಂದರ ಬಾಯಿಗೆ ಬಾಟಲಿ ಇಟ್ಟು, ಅದು ಜಾರದಂತೆ ಸುತ್ತಿದ ಟವೆಲನ್ನು ಆನಿಸಿದ್ದರು. ಹಾಗೆ ಕುಡಿಸಿದರೆ ಹಾಲು ನೆತ್ತಿಗೇರುವ ಅಪಾಯವಿದೆ, ಕಿವಿಯ ಸೋಂಕಿಗೂ ಅದು ದಾರಿ. ವರದಿಯಲ್ಲಿ ಮಾತ್ರ ಆ ಮಗು ಹಾಲು ಕುಡಿದ ಸಮಯವೂ ಪ್ರಮಾಣವೂ ಚೊಕ್ಕವಾಗಿ ದಾಖಲಾಗಿರುತ್ತದೆ! ನಾನು ಬೇರೆ ಕೇಂದ್ರ ಹುಡುಕಿದೆ.

ಇದಕ್ಕೆ ತೀರಾ ಬೇರೆಯಾದ ದೃಶ್ಯವನ್ನು ಕಂಡದ್ದು ಮಗನನ್ನು ನೋಡಿಕೊಂಡವರ ಮನೆಯಲ್ಲಿ. ಡಯಾಪರ್ ಬದಲಿಸುವಾಗ ಅವರು "ಈಗ ಕಾಲು ಎತ್ತುತ್ತೇನೆ ನೋಡು" ಎಂದು ಹೇಳಿ ಒಂದು ಕ್ಷಣ ಕಾಯುತ್ತಿದ್ದರು; ಕೆಲವು ವಾರಗಳಲ್ಲಿ ಆ ಮಾತು ಕೇಳಿದೊಡನೆ ಅವನೇ ಕಾಲು ಎತ್ತುವಂತಾದ. ಬುಡಾಪೆಸ್ಟಿನಲ್ಲಿ 1946ರಲ್ಲಿ ಅನಾಥ ಶಿಶುಗಳ ಮನೆಯನ್ನು ಆರಂಭಿಸಿದ ವೈದ್ಯೆ ಎಮ್ಮಿ ಪಿಕ್ಲರ್ ತಮ್ಮ ಸಿಬ್ಬಂದಿಗೆ ಕಲಿಸುತ್ತಿದ್ದುದೂ ಇದನ್ನೇ. ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು, ಮೀಯಿಸುವುದು ಬೇಗ ಮುಗಿಸಿಬಿಡಬೇಕಾದ ಕೆಲಸಗಳಲ್ಲ, ಮಗುವಿನೊಡನೆ ನಂಟು ಬೆಳೆಯುವುದು ಆ ಹೊತ್ತಿನಲ್ಲಿಯೇ ಎಂಬುದು ಅವರ ನಿಲುವಾಗಿತ್ತು. ಆದ್ದರಿಂದ ನೀವು ನೋಡಲು ಹೋದಾಗ ಆಟಿಕೆಗಳನ್ನೂ ಗೋಡೆಯ ಚಿತ್ರಗಳನ್ನೂ ಬಿಟ್ಟು, ಒಂದು ಡಯಾಪರ್ ಬದಲಾಗುವವರೆಗೆ ಅಲ್ಲಿಯೇ ಕುಳಿತಿರಿ.

ಹಾಗೆಂದು ಮನೆಯ ವಾತಾವರಣ ಎಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎಂದು ಭಾವಿಸಬೇಡಿ. ನಾನು ಭೇಟಿಯಾದ ಇನ್ನೊಬ್ಬರು ಬಹಳ ಅಕ್ಕರೆಯವರು, ಅವರ ತೊಡೆಯ ಮೇಲೆ ಮಗ ಹೋದ ಕೂಡಲೇ ಸುಮ್ಮನಾದ. ಮಲಗಿಸುವ ಬಗೆಯನ್ನು ಕೇಳಿದಾಗ, "ಬೋರಲು ಹಾಕಿದರೆ ಚೆನ್ನಾಗಿ ನಿದ್ದೆ ಮಾಡುತ್ತವೆ, ನನ್ನ ಮಕ್ಕಳೆಲ್ಲ ಹಾಗೆಯೇ ಬೆಳೆದರು" ಎಂದರು. ಅಲ್ಲಿಗೆ ನನ್ನ ನಿರ್ಧಾರ ಮುಗಿಯಿತು. ಅಮೆರಿಕದಲ್ಲಿ 1994ರಲ್ಲಿ ಶಿಶುಗಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಆರಂಭವಾದ ಬಳಿಕದ ವರ್ಷಗಳಲ್ಲಿ, ನಿದ್ದೆಯಲ್ಲಿ ಕಾರಣ ತಿಳಿಯದೆ ಸಂಭವಿಸುವ ಶಿಶುಮರಣಗಳು ಸುಮಾರು ಅರ್ಧಕ್ಕೆ ಇಳಿದವು. ಮನೆಯಲ್ಲಿ ಅಂಗಾತ ಮಲಗಿ ರೂಢಿಯಾದ ಮಗುವನ್ನು ಬೇರೊಂದು ಕಡೆ ದಿಢೀರನೆ ಬೋರಲು ಮಲಗಿಸುವುದು ಇನ್ನೂ ಹೆಚ್ಚು ಅಪಾಯಕಾರಿ. ಒಂದು ವರ್ಷ ತುಂಬುವವರೆಗೆ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು ಗೊಂಬೆ ಹೊದಿಕೆಗಳಿಲ್ಲದೆ ಮಲಗಿಸುತ್ತೀರಾ ಎಂದು ಎರಡೂ ಕಡೆ ಕೇಳಿ. ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಎಂಬುದನ್ನೂ ಕೇಳಿ. ತರಬೇತಿ ಪಡೆದವರು ಬಾಯಿಮಾತಿನಲ್ಲಿ ಹೇಳದೆ ಕೈಯಲ್ಲೇ ಮಾಡಿ ತೋರಿಸುತ್ತಾರೆ.

ಕಾಯಿಲೆಯ ಮಾತಿನಲ್ಲಿ ಮನೆಯದೇ ಮೇಲುಗೈ. ಅಮೆರಿಕದಲ್ಲಿ 1991ರಲ್ಲಿ ಆರಂಭವಾಗಿ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ದೊಡ್ಡ ಅಧ್ಯಯನದಲ್ಲಿ, ದೊಡ್ಡ ಗುಂಪಿನಲ್ಲಿ ಬೆಳೆಯುವ ಎಳೆಯ ಮಕ್ಕಳಿಗೆ ನೆಗಡಿ, ಕಿವಿನೋವು, ಭೇದಿ ಹೆಚ್ಚು ಎಂದು ಕಂಡುಬಂದಿದೆ. ಮಗಳು ಕೇಂದ್ರಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಿ ನನ್ನ ರಜೆಗಳೆಲ್ಲ ಅವಳ ಮೂಗು ಒರೆಸುವುದರಲ್ಲಿಯೇ ಕರಗಿದವು. ಅದೇ ಅಧ್ಯಯನ ಹೇಳುವ ಇನ್ನೊಂದು ಮಾತು ನಿಮಗೆ ನೆಮ್ಮದಿ ಕೊಡಬಹುದು: ಮಗುವಿನ ಬೆಳವಣಿಗೆಯ ಮೇಲೆ ಪಾಲನೆ ಮನೆಯಲ್ಲೋ ಕೇಂದ್ರದಲ್ಲೋ ಎಂಬುದಕ್ಕಿಂತ ಸ್ವಂತ ಕುಟುಂಬದ ಪ್ರಭಾವವೇ ದೊಡ್ಡದು.

ಗೈರುಹಾಜರಿಯ ವಿಷಯ ಇದಕ್ಕೆ ತದ್ವಿರುದ್ಧ. ಮಗನನ್ನು ನೋಡಿಕೊಳ್ಳುತ್ತಿದ್ದವರು ಹುಷಾರು ತಪ್ಪಿ ಎರಡು ವಾರ ಮಲಗಿದಾಗ ನಮಗೆ ಬೇರೆ ದಾರಿಯೇ ಇರಲಿಲ್ಲ. ಕೇಂದ್ರ ಎಂದೂ ಹಾಗೆ ಮುಚ್ಚಿರಲಿಲ್ಲ, ಆದರೆ ಅಲ್ಲಿ ಆರು ತಿಂಗಳಲ್ಲಿ ಮಗಳ ಕೋಣೆಯ ಆಯಾ ಮೂರು ಸಲ ಬದಲಾದರು, ಪ್ರತಿ ಸಲವೂ ಅವಳು ಬಾಗಿಲಲ್ಲಿ ಮೊದಲ ದಿನದಂತೆಯೇ ಅತ್ತಳು. ಕೇಂದ್ರದಲ್ಲಿ ಶಿಶುಗಳ ಕೋಣೆಯವರು ಎಷ್ಟು ಕಾಲದಿಂದ ಇದ್ದಾರೆ, ನಿಮ್ಮ ಮಗುವಿಗೆಂದೇ ಒಬ್ಬರನ್ನು ಗೊತ್ತು ಮಾಡುತ್ತಾರೆಯೇ ಎಂದು ವಿಚಾರಿಸಿ. ಕ್ಯಾಮೆರಾಕ್ಕೆ ನಾನು ಹೆಚ್ಚು ಅಂಕ ಕೊಡುವುದಿಲ್ಲ. ಹೇಳದೆ ಕೇಳದೆ ಯಾವಾಗ ಬೇಕಾದರೂ ಒಳಗೆ ಬರಬಹುದೇ ಎಂಬ ಪ್ರಶ್ನೆಗೆ ಅವರು ತಡವರಿಸದೆ ಹೌದೆನ್ನಬೇಕು.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ, ಆ ಮನೆಯಲ್ಲಿ ಎರಡು ವರ್ಷದೊಳಗಿನ ಬೇರೆ ಮಗು ಇಲ್ಲದಿದ್ದರೆ, ಮಲಗಿಸುವ ವಿಷಯದಲ್ಲಿ ಅವರ ಉತ್ತರ ಸರಿಯಿದ್ದರೆ, ಅವರು ಬಾರದ ದಿನಕ್ಕೆ ನಿಮ್ಮ ಬಳಿ ಇನ್ನೊಂದು ಏರ್ಪಾಡಿದ್ದರೆ, ಎರಡು ವರ್ಷ ತುಂಬುವವರೆಗೆ ಮನೆಯಲ್ಲಿ ಬಿಟ್ಟು ಆಮೇಲೆ ಕೇಂದ್ರಕ್ಕೆ ಸೇರಿಸುತ್ತಿದ್ದೆ. ಈ ಮೂರರಲ್ಲಿ ಒಂದು ತಪ್ಪಿದರೂ ಮೂರು ಅಥವಾ ನಾಲ್ಕು ಶಿಶುಗಳಿಗೆ ಒಬ್ಬರಿರುವ ಕೇಂದ್ರವೇ ಸರಿ. ಎಲ್ಲಿಯೇ ಆಗಲಿ, ಆರು ತಿಂಗಳು ತುಂಬಿದೊಡನೆ ದಿನಕ್ಕೆ ಒಂದೆರಡು ಗಂಟೆ, ಮೊದಲು ನೀವೂ ಜೊತೆಗಿದ್ದು, ರೂಢಿ ಮಾಡಿಸಲು ತೊಡಗಿ. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಮಕ್ಕಳಿಗೆ ಹೊಸಬರ ಅಂಜಿಕೆ ಬಲಿಯುತ್ತದೆ, ಅಷ್ಟರೊಳಗೆ ಆ ಮುಖ ಪರಿಚಿತವಾಗಿರಲಿ. ಆ ಐದು ಮಕ್ಕಳ ವಯಸ್ಸನ್ನು ತಿಳಿಸಿದರೆ ಇದಕ್ಕಿಂತ ಖಚಿತವಾಗಿ ಹೇಳಬಲ್ಲೆ.