ಕೆಂಪು ಬಲಕ್ಕೆ ಅಂತ ಕಣ್ಣು ಮುಚ್ಚಿಕೊಂಡು ಹೋಗಬೇಡಿ

ನಿಮ್ಮ ಪ್ಲಾನ್ ಓದಿದೆ. ಶನಿವಾರ ಬೆಳಿಗ್ಗೆ ಬೋಟಿನಲ್ಲಿ ನಾರ್ತ್ ಕ್ಯಾರೊಲಿನಾದ ರೈಟ್ಸ್‌ವಿಲ್ ಬೀಚ್ ಬಿಟ್ಟು ಐಸಿಡಬ್ಲ್ಯೂ (ಇಂಟ್ರಾಕೋಸ್ಟಲ್ ವಾಟರ್‌ವೇ, ಅಮೆರಿಕದ ಪೂರ್ವ ಕರಾವಳಿಯ ಒಳಗಿನ ಜಲಮಾರ್ಗ) ಹಿಡಿದು ದಕ್ಷಿಣಕ್ಕೆ, ಸೌತ್‌ಪೋರ್ಟ್‌ನಲ್ಲಿ ಊಟ, ಸಂಜೆಯೊಳಗೆ ಲಿಟಲ್ ರಿವರ್ ಊರು. ಚೆನ್ನಾಗಿದೆ. ಆದರೆ ಕೊನೆಗೆ "ದಕ್ಷಿಣಕ್ಕೆ ಹೋಗುವಾಗ ಕೆಂಪು ಬೋಯ್ ಯಾವಾಗಲೂ ಬಲಕ್ಕೆ, ಅಷ್ಟೇ ಅಲ್ವಾ" ಅಂತ ಬರೆದಿದ್ದೀರಿ. ಬೋಯ್ ಅಂದರೆ ನೀರಿನಲ್ಲಿ ದಾರಿಯ ಅಂಚು ತೋರಿಸುವ ತೇಲುಗುರುತು. ಅಷ್ಟೇ ಅಲ್ಲ ಮಾರಾಯ್ರೇ. ಇದೇ ಮಾತು ನಂಬಿ ನಾನು ಒಂದು ಮಧ್ಯಾಹ್ನ ಪೂರ್ತಿ ಹೊಯಿಗೆ ಮೇಲೆ ಕೂತಿದ್ದೇನೆ.

ಸ್ನೋಸ್ ಕಟ್ ಎಂಬ ಕಾಲುವೆ ತನಕ ನಿಮ್ಮ ಲೆಕ್ಕ ಸರಿ. ಕಟ್ ದಾಟಿ ಕೇಪ್ ಫಿಯರ್ ನದಿಯ ಹಡಗಿನ ಚಾನೆಲ್ (ಆಳದ ದಾರಿ) ಸೇರಿದ ಕೂಡಲೇ ಎಲ್ಲ ಉಲ್ಟಾ. ಅಲ್ಲಿನ ಬೋಯ್‌ಗಳು ಸಮುದ್ರದಿಂದ ವಿಲ್ಮಿಂಗ್ಟನ್ ಬಂದರಿಗೆ ಹೋಗುವ ಹಡಗುಗಳಿಗಾಗಿ ಇಟ್ಟವು. ನೀವು ಹೋಗುವುದು ಸಮುದ್ರದ ಕಡೆಗೆ. ಹಾಗಾಗಿ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ನಾನು ಹಟ ಹಿಡಿದು ಕೆಂಪನ್ನು ಬಲಕ್ಕೇ ಇಟ್ಟುಕೊಂಡೆ. ಅಂದರೆ ಚಾನೆಲ್ ಬಿಟ್ಟು ಪೂರ್ವದ ಕಡೆ ಹೋದೆ. ನೀರಿನ ಆಳ ತೋರಿಸುವ ಡೆಪ್ತ್ ಸೌಂಡರ್ 18 ಅಡಿಯಿಂದ 6ಕ್ಕೆ ಇಳಿದಾಗ ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. 3 ಅಂತ ತೋರಿಸಿದಾಗ ಬೋಟ್ ಆಗಲೇ ನಿಂತಿತ್ತು.

ಅದೂ ಇಳಿತದ ಹೊತ್ತು. ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಸುಮಾರು 4 ಅಡಿ. ಇಳಿತದಲ್ಲಿ ಸಿಕ್ಕಿಕೊಂಡರೆ ನೀರು ತಿರುಗಿ ಏರುವ ತನಕ ಕಾಯುವುದೇ ಕೆಲಸ. ನಾನು ಕಾಯಲಿಲ್ಲ. ರಿವರ್ಸ್ ಹಾಕಿ ಥ್ರಾಟಲ್ ಒತ್ತಿದೆ. ಮೋಟಾರ್ ನೀರಿನ ಜೊತೆ ಹೊಯಿಗೆಯನ್ನೂ ಎಳೆದುಕೊಂಡಿತು. ಮರುವಾರ ವಾಟರ್ ಪಂಪ್ ಬಿಚ್ಚಿದರೆ ಅದರೊಳಗೆ ನೀರು ತಳ್ಳುವ ಚಕ್ರದ, ಅಂದರೆ ಇಂಪೆಲ್ಲರ್‌ನ, ರೆಕ್ಕೆ ಅರ್ಧ ಸವೆದಿತ್ತು. ಸಿಕ್ಕಿಕೊಂಡರೆ ಮೊದಲು ಮೋಟಾರ್ ನ್ಯೂಟ್ರಲ್‌ಗೆ ಹಾಕಿ, ಆಫ್ ಮಾಡಿ, ಮೇಲೆತ್ತಿ. ಆಮೇಲೆ ಆಳ ಇರುವ ಕಡೆಗೆ ಲಂಗರು ಹಾಕಿ, ಅಲೆ ಬಂದು ಇನ್ನೂ ಒಳಗೆ ತಳ್ಳದ ಹಾಗೆ. ಹೆಂಡತಿ ಆ ದಿನ ಒಂದೂ ಮಾತಾಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ.

ಈಗ ನನ್ನ ವಿಧಾನ. ಬೋಯ್ ಬಣ್ಣ ಮರೆತುಬಿಡಿ, ಅದರ ಮೇಲಿನ ಸಣ್ಣ ಹಳದಿ ಗುರುತು ನೋಡಿ. ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಐಸಿಡಬ್ಲ್ಯೂನಲ್ಲಿ ದಕ್ಷಿಣಕ್ಕೆ ಹೋಗುವಾಗ ಇದು ತಪ್ಪುವುದಿಲ್ಲ. ಹಸಿರು ಬೋಯ್ ಮೇಲೆ ತ್ರಿಕೋನ ಇದ್ದರೂ ಅದು ಬಲಕ್ಕೇ. ವಾಪಸ್ ಉತ್ತರಕ್ಕೆ ಬರುವಾಗ ತಿರುವುಮುರುವು, ಅದನ್ನು ಮರೆಯಬೇಡಿ. ನಮ್ಮ ಬೋಟಿನಲ್ಲಿ ಮಗಳಿಗೆ 7x50 ದುರ್ಬೀನು ಕೊಟ್ಟು ಮುಂದೆ ಕೂರಿಸುತ್ತೇನೆ. "ತ್ರಿಕೋನ ಬಲ!" ಅಂತ ಅವಳು ಕೂಗದೆ ನಾನು ಸ್ಟಿಯರಿಂಗ್ ತಿರುಗಿಸುವುದಿಲ್ಲ. ಬಿಸಿಲು ಎದುರಿಗಿದ್ದರೆ ಹಳದಿ ಕಾಣುವುದು ಕಷ್ಟ, ಆಗ ಸುಮ್ನೆ ನಿಧಾನ ಮಾಡಿ. ನಾಚಿಕೆ ಬೇಡ.

ಆ್ಯಪ್ ಇದೆಯಲ್ಲ ಅನ್ನುತ್ತೀರಿ. ಚಾರ್ಟ್ ಅಂದರೆ ಜಲಮಾರ್ಗದ ನಕ್ಷೆ, ಅದರ ಮೇಲಿನ ಮಜೆಂಟಾ ಗೆರೆ ದಾರಿ ತೋರಿಸುವುದಕ್ಕೆ ಮಾತ್ರ, ಅದರ ಮೇಲೇ ಬೋಟ್ ಓಡಿಸುವುದಕ್ಕಲ್ಲ. ಒಂದು ಆ್ಯಪ್‌ನ ಆಟೋ ರೂಟ್ ನನ್ನನ್ನು ಹೊಯಿಗೆ ದಿಬ್ಬದ ಮೇಲೆ ಹಾಯಿಸಿ ಸೌತ್‌ಪೋರ್ಟ್ ತೋರಿಸಿತ್ತು. ಹೆಸರು ಹೇಳುವುದಿಲ್ಲ. ಈಗ ಆಕ್ವಾ ಮ್ಯಾಪ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಆರ್ಮಿ ಕೋರ್‌ (ಸೇನೆಯ ಎಂಜಿನಿಯರ್‌ಗಳು) ಮಾಡಿದ ಆಳದ ಸರ್ವೇ ಬಣ್ಣಬಣ್ಣವಾಗಿ ಕಾಣುತ್ತದೆ, ಆ ಸೌಲಭ್ಯಕ್ಕೆ ದುಡ್ಡು ಕೊಡಿ, ಜಿಪುಣತನ ಮಾಡಬೇಡಿ. ಸರ್ವೇ ತಾರೀಖು ಮಾತ್ರ ನೋಡಿಕೊಳ್ಳಿ. ಇದು ಯಾಕೆ ಬೇಕು ಅಂದರೆ ಕ್ಯಾರೊಲಿನಾ ಬೀಚ್ ಅಳಿವೆ, ಆಮೇಲೆ ಲಾಕ್‌ವುಡ್ಸ್ ಫಾಲಿ, ಶಲೋಟ್, ಈ ಮೂರೂ ಕಡೆ ಹೊಯಿಗೆ ಜಾಗ ಬದಲಿಸುತ್ತಲೇ ಇರುತ್ತದೆ. ಕೋಸ್ಟ್ ಗಾರ್ಡ್‌ನವರು ಬೋಯ್‌ಗಳನ್ನೇ ಸರಿಸುತ್ತಾರೆ. ಗಂಗೊಳ್ಳಿಯ ಅಳಿವೆ ಬಾಯಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾರ್ಟ್ ಒಂದು, ಕಣ್ಣೆದುರಿನ ಬೋಯ್ ಇನ್ನೊಂದು ಹೇಳಿದರೆ ಬೋಯ್ ಮಾತು ಕೇಳಿ.

ಹೊತ್ತಿನ ಲೆಕ್ಕ ಕೇಳಿದ್ದೀರಿ. ಕೇಪ್ ಫಿಯರ್‌ನಲ್ಲಿ ಇಳಿತ ನಿಮ್ಮನ್ನು ಸೌತ್‌ಪೋರ್ಟ್ ಕಡೆಗೇ ತಳ್ಳುತ್ತದೆ, ಪೆಟ್ರೋಲ್ ಉಳಿತಾಯ. ಆದರೆ ಮಧ್ಯಾಹ್ನ ನೈಋತ್ಯದ ಗಾಳಿ ಎದ್ದರೆ ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ. ಅಲೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ನದಿಯನ್ನು ಬೆಳಿಗ್ಗೆಯೇ ದಾಟಿ. ಲಾಕ್‌ವುಡ್ಸ್ ಫಾಲಿಯನ್ನು ಮಾತ್ರ ನೀರು ಏರುವಾಗಲೇ ದಾಟಬೇಕು. ಅಂದರೆ ಬೆಳಗಿನ ಇಳಿತದಲ್ಲಿ ನದಿ, ಸೌತ್‌ಪೋರ್ಟ್‌ನಲ್ಲಿ ನಿಧಾನವಾಗಿ ಊಟ, ನೀರು ತಿರುಗಿದ ಮೇಲೆ ಮುಂದೆ. ಇಳಿತ ಈ ಹೊತ್ತಿಗೆ ಹೊಂದುವ ದಿನವೇ ಹೋಗಿ. ನಿಮ್ಮ ಶನಿವಾರ ಹೊಂದದಿದ್ದರೆ ಭಾನುವಾರವೂ ಹೆಚ್ಚು ಬದಲಾಗುವುದಿಲ್ಲ, ಮುಂದಿನ ವಾರ ನೋಡಿ.

ನದಿಯಲ್ಲಿ ಪಶ್ಚಿಮ ದಡದ ಸನ್ನಿ ಪಾಯಿಂಟ್ ಸೇನೆಯ ಜಾಗ, ಹತ್ತಿರ ಹೋಗಬೇಡಿ. ಫೋರ್ಟ್ ಫಿಶರ್ ಫೆರ್ರಿ ಅಡ್ಡ ಬರುತ್ತದೆ. ಕಂಟೇನರ್ ಹಡಗು ಕಂಡರೆ ಬದಿಗೆ ಸರಿದು ಅದರ ಅಲೆಗೆ ಮೂತಿ ಕೊಡಿ. ಬೋಟಿನ ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್‌ನಲ್ಲೇ ಇರಲಿ. ತೆರೆಯುವ ಸೇತುವೆಯವರನ್ನು ಕರೆಯುವುದು ನಾರ್ತ್ ಕ್ಯಾರೊಲಿನಾದಲ್ಲಿ 13, ಸೌತ್ ಕ್ಯಾರೊಲಿನಾಕ್ಕೆ ಹೋದ ಮೇಲೆ 9. ನನ್ನದು ಸ್ಟ್ಯಾಂಡರ್ಡ್ ಹೊರೈಜನ್ ಸೆಟ್, ನೀರಿಗೆ ಬಿದ್ದರೂ ತೇಲುತ್ತದೆ, ಒಮ್ಮೆ ಬಿದ್ದಿದೆ.

ಇನ್ನೊಂದು. ಐಸಿಡಬ್ಲ್ಯೂನ ಮೈಲಿ ರಸ್ತೆಯ ಮೈಲಿ, ನಾಟಿಕಲ್ ಅಲ್ಲ. ರೈಟ್ಸ್‌ವಿಲ್ 283ನೇ ಮೈಲಿ, ಸೌತ್‌ಪೋರ್ಟ್ 309ನೇ ಮೈಲಿ, ನಡುವೆ 26 ಮೈಲಿ ಅಂದರೆ 23 ನಾಟಿಕಲ್ ಕೂಡ ಇಲ್ಲ. ನಿಮ್ಮ ಮೀಟರ್ ನಾಟ್‌ನಲ್ಲಿದ್ದರೆ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಬಂದು ಸೇರುವ ಹೊತ್ತು ತಪ್ಪುತ್ತದೆ. ಮನೆಗಳ ಡಾಕ್ ಎದುರು ನಿಧಾನ, ನಿಮ್ಮ ಅಲೆಯಿಂದ ಯಾರದಾದರೂ ಬೋಟ್ ಒಡೆದರೆ ಹೊಣೆ ನಿಮ್ಮದೇ. ಸಿಕ್ಕಿಕೊಂಡ ಬೋಟ್ ಎಳೆಸುವುದಕ್ಕೆ ಟೋ ಮೆಂಬರ್‌ಶಿಪ್ ಮಾಡಿಸಿಕೊಂಡೇ ಹೊರಡಿ. ನಾನು ಆ ದಿನ ಮಾಡಿಸಿರಲಿಲ್ಲ.

ಮರುದಿನ ಮುಂದೆ ಹೋಗುವ ಮನಸ್ಸಾದರೆ, ಲಿಟಲ್ ರಿವರ್ ದಾಟಿದ ಮೇಲೆ ರಾಕ್ ಪೈಲ್ ಬರುತ್ತದೆ. ಎರಡೂ ಅಂಚಿನಲ್ಲಿ ಬಂಡೆ, ಅಲ್ಲಿ ಹೊಯಿಗೆಯ ಹಾಗೆ ಬಿಟ್ಟುಕೊಡುವುದಿಲ್ಲ. ನಟ್ಟನಡುವೆ ಹೋಗಿ, ಎದುರಿನಿಂದ ಬಾರ್ಜ್ ಬರುತ್ತಿದೆಯಾ ಅಂತ ಮೊದಲೇ ರೇಡಿಯೋದಲ್ಲಿ ಕೇಳಿ. ಅದರಾಚೆ ವಾಕಮಾ ನದಿಯ ನೀರು ಚಹಾ ಬಣ್ಣ, ಬೋಟಿನ ಮೂತಿಗೆ ಕಂದು ಮೀಸೆ ಬರೆಯುತ್ತದೆ. ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತದೆ.

ಬೋಟಿನ ಡ್ರಾಫ್ಟ್, ಅಂದರೆ ಅದು ನೀರಿನಲ್ಲಿ ಮುಳುಗುವ ಆಳ, ಎಷ್ಟು ಅಂತ ನೀವು ಬರೆದೇ ಇಲ್ಲ. ಸೌಂಡರ್ ತೋರಿಸುವುದು ತಳದ ಕೆಳಗಿನ ನೀರೋ, ನೀರಿನ ಮಟ್ಟದಿಂದಲೋ, ಅದನ್ನೂ ನೋಡಿ ಹೇಳಿ. ಲಾಕ್‌ವುಡ್ಸ್ ಫಾಲಿಗೆ ಎಷ್ಟು ಗಂಟೆಗೆ ತಲುಪಬೇಕು ಅಂತ ಆಮೇಲೆ ಕೂತು ಲೆಕ್ಕ ಹಾಕೋಣ.