ಕಡ್ಡಿಯೂ ಬೇಕು, ಪುಸ್ತಕವೂ ಬೇಕು

ಪ್ರಶ್ನೆ: ನನಗೆ 47 ವರ್ಷ. ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಹೈಸ್ಕೂಲಿನಲ್ಲಿ ಕಲಿತಿದ್ದ ಸ್ವೆಟರ್ ಹೆಣಿಗೆಯನ್ನು ಈಗ ಮತ್ತೆ ಶುರು ಮಾಡಿದ್ದೇನೆ. ಕಡ್ಡಿ ಹಿಡಿದರೆ ಓದು ನಿಲ್ಲುತ್ತದೆ, ಕಾದಂಬರಿ ಹಿಡಿದರೆ ಉಲ್ಲನ್ ಚೀಲದಲ್ಲೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಬಹುದೇ? ‘ಮಂಡ್ಯದ ಸೆಕೆಗೆ ಸ್ವೆಟರ್ ಯಾರಿಗೆ? ಅಂಗಡೀಲಿ ಸಿಗಲ್ವಾ?’ ಎಂದು ನಮ್ಮತ್ತೆ ಬೇರೆ ಕೇಳುತ್ತಾರೆ.
— ಒಬ್ಬ ಓದುಗಿ, ಮಂಡ್ಯ

ಉತ್ತರ: ಮಾಡಬಹುದು ತಂಗಿ, ಆದರೆ ಆ ರೈಲಿನಲ್ಲಿ ಬೇಡ. ಬೆಳಗಿನ ಗಾಡಿಯಲ್ಲಿ ಸೀಟು ಸಿಕ್ಕುವುದೇ ಹೆಚ್ಚು. ಪಾಂಡವಪುರದಲ್ಲಿ ಹತ್ತಿದವರು ನಿಮ್ಮ ಮೊಣಕೈಗೆ ಒತ್ತಿಕೊಂಡೇ ನಿಂತಿರುತ್ತಾರೆ. ನನ್ನನ್ನು ಕೇಳಿದರೆ ರೈಲಿಗೆ ಹೆಣಿಗೆ, ಮನೆಗೆ ಪುಸ್ತಕ. ಕಥೆ ಬಿಸಿಯೇರಿದ ಹೊತ್ತಿಗೇ ಯಾರಾದರೂ ‘ಸ್ವಲ್ಪ ಸರೀರಿ’ ಅಂದರೆ ಓದಿದ್ದು ಹಾಳು. ಹೆಣಿಗೆಗೆ ಆ ತಾಪತ್ರಯ ಇಲ್ಲ, ಸಾಲು ಮುಗಿಸಿ ಚೀಲಕ್ಕೆ ಹಾಕಿದರಾಯಿತು. ಸಾಲಿನ ನಡುವೆ ಮಾತ್ರ ನಿಲ್ಲಿಸಬೇಡಿ, ಕಡ್ಡಿ ಜಾರಿ ಕುಣಿಕೆಗಳು ಬಿಟ್ಟುಹೋಗುತ್ತವೆ. ಬಿಟ್ಟುಹೋದರೂ ಗಾಬರಿ ಬೇಡ, ತುದಿಯಲ್ಲಿ ಕೊಕ್ಕೆಯಿರುವ ಒಂದು ಕ್ರೋಶಾ ಕಡ್ಡಿ ಜೊತೆಗಿದ್ದರೆ ಎತ್ತಿಕೊಳ್ಳಬಹುದು.

ಉದ್ದನೆಯ ಕಡ್ಡಿ ಪಕ್ಕದವರಿಗೆ ತಿವಿಯುತ್ತದೆ. ಎರಡು ಗಿಡ್ಡ ಕಡ್ಡಿಗಳನ್ನು ತೆಳು ವೈರಿನಲ್ಲಿ ಸೇರಿಸಿರುವ ಸರ್ಕ್ಯುಲರ್ ಕಡ್ಡಿ ಕೊಳ್ಳಿ, ಒಂದು ಕಡ್ಡಿ ಸೀಟಿನ ಕೆಳಗೆ ಉರುಳಿ ಹೋಗುವ ಭಯವೂ ಇರುವುದಿಲ್ಲ. ನಮ್ಮ ಹಳೆಯ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ: 8 ಅಂದರೆ 4 ಮಿಲಿಮೀಟರ್, 10 ಅಂದರೆ ಮೂರೂಕಾಲು. ಈಗಿನ ಪ್ಯಾಕೆಟ್ಟಿನ ಮೇಲೆ ಮಿಲಿಮೀಟರೇ ಇರುತ್ತದೆ, ಅದನ್ನೇ ನೋಡಿ.

ಇನ್ನು ಮನೆಯಲ್ಲಿ ಓದುತ್ತಾ ಹೆಣೆಯುವ ವಿಷಯ. ಕೆಲಸ ಬೆಪ್ಪಾಗಿರಬೇಕು. ಎಲ್ಲ ಸಾಲೂ ಸೀದಾ, ಅಷ್ಟೇ. ಮಫ್ಲರ್, ಮಗುವಿನ ಹೊದಿಕೆ, ಇಂಥವು. ಬೆರಳಿಗೇ ಕುಣಿಕೆ ಗೊತ್ತಾಗುತ್ತದೆ, ಕಣ್ಣು ಪುಟದ ಮೇಲಿರಬಹುದು. ಡಿಸೈನಿನ ಕೆಲಸ ಹಿಡಿದು ಕಾದಂಬರಿ ತೆರೆದರೆ ಎರಡೂ ಕೆಡುತ್ತವೆ. ಪುಸ್ತಕವೂ ತಾನಾಗಿ ತೆರೆದುಕೊಂಡಿರಬೇಕು. ಗ್ರಂಥಾಲಯದ ಹಳೆಯ ದಪ್ಪ ರಟ್ಟಿನ ಪ್ರತಿಗಳು ಇದಕ್ಕೆ ಬಲು ವಾಸಿ. ಹೊಸ ಪೇಪರ್‌ಬ್ಯಾಕುಗಳು ಪಟಕ್ಕನೆ ಮುಚ್ಚಿಕೊಳ್ಳುತ್ತವೆ, ಎರಡು ಬಟ್ಟೆ ಕ್ಲಿಪ್ ಹಾಕಿ. (ಗ್ರಂಥಾಲಯಕ್ಕೆ ಹೋಗುವುದಿಲ್ಲ ಎನ್ನುವವರು ಮನೆ ಕಂದಾಯದ ರಸೀತಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಕಟ್ಟಿಯೇ ಇರುತ್ತೀರಿ. 1965ರ ಕಾಯ್ದೆಯಿಂದ ಬಂದದ್ದು ಅದು. ಕಟ್ಟಿದ ದುಡ್ಡಿನ ಪುಸ್ತಕ ಓದದೆ ಬಿಡುವುದೆಂದರೇನು!)

ಓದುವುದಕ್ಕಿಂತ ಕೇಳುವುದು ಇನ್ನೂ ಸಲೀಸು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ ಊರು ನಮ್ಮದು. ರೇಡಿಯೊ ನಾಟಕ ಕೇಳುತ್ತಾ ತೋಳು ಮುಗಿಸಿದ ಹೆಂಗಸರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದರು.

ಅತ್ತೆಯವರ ಪ್ರಶ್ನೆ ನ್ಯಾಯವಾದದ್ದೇ. ಅಂಗಡಿಯ ಸ್ವೆಟರ್ ಬೆಲೆಗೆ ನಿಮ್ಮದು ಎಂದೂ ಗಿಟ್ಟುವುದಿಲ್ಲ, ಆ ವಾದಕ್ಕೆ ಹೋಗಲೇಬೇಡಿ. ಡಿಸೆಂಬರ್ ಚಳಿಗೆ ಅವರ ಮಂಡಿಗೆ ಒಂದು ಜೊತೆ ಪಟ್ಟಿ ಹೆಣೆದು ಕೊಡಿ, ಆಮೇಲೆ ಏನೆನ್ನುತ್ತಾರೋ ನನಗೆ ಬರೆಯಿರಿ. ಅಕ್ರಿಲಿಕ್ ನೂಲಾದರೆ ಹಾಕಿಕೊಂಡು ಒಲೆ ಹತ್ತಿರ ಹೋಗದಿರಲಿ, ಬೆಂಕಿಗೆ ಅದು ಕರಗುತ್ತದೆ. ಬೇಸಿಗೆಗೆ ಹತ್ತಿ ನೂಲು ಹಿಡಿಯಿರಿ. ಉಲ್ಲನ್ನಿನಂತೆ ಅದು ಹಿಗ್ಗುವುದಿಲ್ಲ, ಬಿಗಿಯಾಗಿ ಹೆಣೆದರೆ ಮಣಿಕಟ್ಟು ನೋಯುತ್ತದೆ. ಯಾವ ನೂಲಾದರೂ ಬೇಕಾದಷ್ಟನ್ನು ಒಟ್ಟಿಗೇ ಕೊಳ್ಳಿ, ಚೀಟಿಯ ಮೇಲಿನ ಲಾಟ್ ನಂಬರ್ (ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇದೆಯೇ ನೋಡಿ. ಬೇರೆ ಲಾಟಿನದಾದರೆ ಬೆನ್ನು ಒಂದು ಬಣ್ಣ, ತೋಳು ಒಂದು ಬಣ್ಣ.

ಪ್ರಶ್ನೆ: ನಿವೃತ್ತನಾಗಿದ್ದೇನೆ. ಹೆಂಡತಿಯಿಂದ ಹೆಣಿಗೆ ಕಲಿಯುವ ಆಸೆ. ಜನ ನಗುವುದಿಲ್ಲವೇ?
— ಒಬ್ಬ ಓದುಗ, ಕುವೆಂಪುನಗರ, ಮೈಸೂರು

ಉತ್ತರ: ನಗುತ್ತಾರೆ, ನಗಲಿ. ಹಿಂದೆ ಯುರೋಪಿನಲ್ಲಿ ಹೆಣಿಗೆಯವರ ಸಂಘಗಳನ್ನು ನಡೆಸುತ್ತಿದ್ದವರು ಗಂಡಸರೇ. ನಮ್ಮಲ್ಲೂ ತಕಲಿ ಹಿಡಿದು ನೂಲು ತೆಗೆದ ತಾತಂದಿರನ್ನು ನೋಡಿ ಯಾರೂ ನಗಲಿಲ್ಲ. ಒಂದೇ ಮಾತು: ಮೊದಲ ಕೆಲಸಕ್ಕೆ ಕಪ್ಪು, ಕಡುನೀಲಿ ಬೇಡ. ನಮ್ಮ ವಯಸ್ಸಿನ ಕಣ್ಣಿಗೆ ಟ್ಯೂಬ್‌ಲೈಟಿನಲ್ಲಿ ಅದರ ಕುಣಿಕೆ ಕಾಣುವುದಿಲ್ಲ.